ಹಾಡಿನ ರೆಕಾರ್ಡಿಂಗ್‌ಗೆ ಲಾರ್ಜ್ ಡಯಾಫ್ರಾಮ್ ಮೈಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡುವವರು ಈಗ ಜಾಸ್ತಿ. ಭಾವಗೀತೆ ಹಾಡುವವರಿದ್ದಾರೆ, ದೇವರನಾಮ ಹಾಡಿ ಯೂಟ್ಯೂಬಿಗೆ ಹಾಕುವವರಿದ್ದಾರೆ, ಶಿಷ್ಯರಿಗೆ ಪಾಠ ಕಳಿಸುವ ಸಂಗೀತದ ಮೇಷ್ಟ್ರುಗಳಿದ್ದಾರೆ. ಯಾರೇ ಆಗಲಿ, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಕೊನೆಗೆ.

## ಮೊದಮೊದಲ ಪ್ರಶ್ನೆಗಳು

ಸರ್, ಲಾರ್ಜ್ ಡಯಾಫ್ರಾಮ್ ಅಂದ್ರೆ ಏನು? ದಪ್ಪ ಇರೋ ಮೈಕೆಲ್ಲ ಅದೇನಾ?

ಅಲ್ಲ. ಮೈಕ್ ದಪ್ಪಗಿದ್ದರೆ ಸಾಲದು, ಜಾಲರಿಯ ಒಳಗಿರುವ ಪೊರೆ ದೊಡ್ಡದಿರಬೇಕು. ಆ ಪೊರೆಯೇ ಡಯಾಫ್ರಾಮ್. ಅದರ ಅಡ್ಡಳತೆ ಒಂದು ಇಂಚಿನ ಆಸುಪಾಸು, ಅಂದರೆ 25 ಮಿಲಿಮೀಟರ್ ಇದ್ದರೆ ಲಾರ್ಜ್ ಡಯಾಫ್ರಾಮ್. ಅರ್ಧ ಇಂಚಿನದು ಸ್ಮಾಲ್. ಇವೆರಡರ ನಡುವಿನವೂ ಇವೆ. ಬಹಳ ಜನ ಕೊಳ್ಳುವ ಆಡಿಯೋ-ಟೆಕ್ನಿಕಾ ಎಟಿ2020ಯ ಪೊರೆ 16 ಮಿಲಿಮೀಟರ್.

ಈ ಪೊರೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಚಿನ್ನದ ತೆಳು ಲೇಪ ಇರುತ್ತದೆ. ಕೂದಲೆಳೆಗಿಂತ ಕಮ್ಮಿ ಜಾಗ ಬಿಟ್ಟು ಅದರ ಹಿಂದೆ ಒಂದು ಲೋಹದ ಬಿಲ್ಲೆ. ಎರಡೂ ಸೇರಿದರೆ ಒಂದು ಕೆಪ್ಯಾಸಿಟರ್. ನೀವು ಹಾಡಿದಾಗ ಪೊರೆ ಅಲುಗುತ್ತದೆ, ಬಿಲ್ಲೆಗೂ ಪೊರೆಗೂ ನಡುವಿನ ಅಂತರ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿಯುತ್ತದೆ. ಕಂಡೆನ್ಸರ್ ಮೈಕ್ ಅನ್ನುವುದು ಇದನ್ನೇ. ಸ್ಟೇಜಿನ ಡೈನಮಿಕ್ ಮೈಕಿನಲ್ಲಿ ಪೊರೆಯ ಜೊತೆ ತಾಮ್ರದ ತಂತಿಯ ಸುರುಳಿಯೂ ಅಲುಗಬೇಕು. ಭಾರ ಜಾಸ್ತಿ. ಅದಕ್ಕೇ ಉಸಿರಿನ ಸದ್ದು, ಅಕ್ಷರದ ಅಂಚು ಅದರಲ್ಲಿ ಅಷ್ಟು ಬಿಡಿಬಿಡಿಯಾಗಿ ಬರುವುದಿಲ್ಲ.

ಆನ್‌ಲೈನಿನಲ್ಲಿ ಬಿಎಂ 800 ಅನ್ನೋ ಹೆಸರಲ್ಲಿ, ಸ್ಟ್ಯಾಂಡು, ಸ್ಪಂಜು ಎಲ್ಲ ಸೇರಿಸಿ ಮಾರುವ ಮೈಕ್ ನೋಡಿರುತ್ತೀರಿ. ಹೊರಗಿನ ಡಬ್ಬ ದೊಡ್ಡ ಸ್ಟುಡಿಯೋ ಮೈಕಿನದು. ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ಸಣ್ಣ ಕ್ಯಾಪ್ಸೂಲ್ (ಪೊರೆ, ಬಿಲ್ಲೆ ಸೇರಿದ ಭಾಗ) ಇರುತ್ತದೆ.

ಪೊರೆ ದೊಡ್ಡದಿದ್ರೆ ಬೇಸ್ ಜಾಸ್ತಿ ಬರುತ್ತೆ ಅಲ್ವಾ?

ಹಾಗಂತ ಎಲ್ಲರೂ ಹೇಳುತ್ತಾರೆ. ನಿಜವಲ್ಲ. ಒಳ್ಳೆಯ ಸ್ಮಾಲ್ ಡಯಾಫ್ರಾಮ್ ಮೈಕ್ ಅಷ್ಟೇ ಕೆಳಗಿನ ಸ್ವರವನ್ನು ಹಿಡಿಯುತ್ತದೆ. ಹತ್ತಿರ ನಿಂತು ಹಾಡಿದಾಗ ಗಂಟಲು ತುಂಬಿಕೊಂಡಂತೆ ಕೇಳುವುದು ಬೇರೆ ಕಾರಣಕ್ಕೆ. ಅದನ್ನು ಮುಂದೆ, ಎಷ್ಟು ದೂರ ನಿಲ್ಲಬೇಕು ಅನ್ನುವ ಪ್ರಶ್ನೆಯಲ್ಲಿ ಹೇಳಿದ್ದೇನೆ.

ದೊಡ್ಡ ಪೊರೆಯಿಂದ ಸಿಗುವ ನಿಜವಾದ ಲಾಭ ಎಂದರೆ ಮೈಕಿನ ಒಳಗಿನ ‘ಸ್ಸ್’ ಕಮ್ಮಿ. ಜೊತೆಗೆ ಅದಕ್ಕೊಂದು ಸ್ವಭಾವವೂ ಇದೆ. ಒಂದು ಇಂಚು ಅಂದರೆ ಸುಮಾರು 13,500 ಹರ್ಟ್ಜ್ ಸದ್ದಿನ ಅಲೆಯ ಉದ್ದ. ಆ ಎತ್ತರದ ಸದ್ದುಗಳು ನೇರ ಮುಂದಿನಿಂದ ಬಂದಾಗ ಒಂದು ರೀತಿ, ಓರೆಯಿಂದ ಬಂದಾಗ ಇನ್ನೊಂದು ರೀತಿ ಕೇಳುತ್ತವೆ. ಅಳತೆಯ ಲೆಕ್ಕದಲ್ಲಿ ಇದು ಕೊರತೆ. ಆದರೆ ಹಾಡುವ ಗಂಟಲಿಗೆ ಇದೇ ಚಂದ. ಎಪ್ಪತ್ತು ವರ್ಷಗಳಿಂದ ನಾವು ಕೇಳುತ್ತಾ ಬಂದ ‘ರೆಕಾರ್ಡಿನ ದನಿ’ ಇದೇ ಅಲ್ವಾ.

ಮೈಕಿನ ತುದಿಗೆ ಬಾಯಿಟ್ಟು ಹಾಡಿದೆ. ಸೌಂಡು ಮಂಕಾಗಿ ಬರ್ತಿದೆ. ಮೈಕ್ ಹಾಳಾಗಿದ್ಯಾ?

ಹಾಳಾಗಿಲ್ಲ. ಇಂಥ ಮೈಕುಗಳಲ್ಲಿ ಹೆಚ್ಚಿನವು ಪಕ್ಕದಿಂದ ಕೇಳಿಸಿಕೊಳ್ಳುತ್ತವೆ. ಮೈಕನ್ನು ನೆಟ್ಟಗೆ ನಿಲ್ಲಿಸಿ, ಕಂಪನಿಯ ಗುರುತು ಇರುವ ಮೈಯನ್ನು ನಿಮ್ಮ ಕಡೆ ತಿರುಗಿಸಿ. ಕೆಲವದರಲ್ಲಿ ಒಂದು ಚಿನ್ನದ ಬಣ್ಣದ ಚುಕ್ಕೆ ಇರುತ್ತದೆ, ಅದೇ ಮುಂಭಾಗ. ಹಿಂದುಮುಂದಾಗಿ ಇಟ್ಟುಕೊಂಡು ವರ್ಷಗಟ್ಟಲೆ ಹಾಡಿದವರೂ ಇದ್ದಾರೆ.

48 ವೋಲ್ಟ್ ಬಟನ್ ಒತ್ತಿದ್ರೆ ಶಾಕ್ ಹೊಡೆಯಲ್ವಾ?

ಹೊಡೆಯುವುದಿಲ್ಲ. ಇದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಮೈಕಿನ ಒಳಗಿನ ಪುಟ್ಟ ಆಂಪ್ಲಿಫೈಯರ್ ನಡೆಯಲು ಕರೆಂಟ್ ಬೇಕು. ಹಾಡು ಬರುವ ಕೇಬಲ್ಲಿನಲ್ಲೇ ಅದನ್ನೂ ಕಳಿಸುತ್ತಾರೆ. ದಾರಿಯಲ್ಲಿ 6.8 ಕಿಲೋ ಓಮ್‌ನ ರೆಸಿಸ್ಟರುಗಳಿರುವುದರಿಂದ ಹರಿಯುವ ಕರೆಂಟ್ ಕೆಲವೇ ಮಿಲಿಆಂಪಿಯರ್.

48 ಅನ್ನೋ ಸಂಖ್ಯೆ ಯಾಕೆ ಬಂತು ಅಂತ ಕೆಲವರಿಗೆ ಕುತೂಹಲ. 1966ರಲ್ಲಿ ನಾರ್ವೆ ದೇಶದ ರೇಡಿಯೋ ಸಂಸ್ಥೆ ಬರ್ಲಿನ್ನಿನ ನ್ಯೂಮನ್ ಕಂಪನಿಗೆ ಹೊಸ ಟ್ರಾನ್ಸಿಸ್ಟರ್ ಮೈಕುಗಳನ್ನು ಕೇಳಿತು. ಅವರ ಸ್ಟುಡಿಯೋದಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಸಪ್ಲೈ ಮೊದಲೇ ಇತ್ತು. ಅದಕ್ಕೇ ಹೊಂದುವ ಹಾಗೆ ಮೈಕ್ ಮಾಡಿಕೊಟ್ಟರು. ಆಮೇಲೆ ಅದೇ ಜಗತ್ತಿಗೆಲ್ಲ ಲೆಕ್ಕವಾಯಿತು.

ಒಂದೇ ಎಚ್ಚರಿಕೆ. ಬಟನ್ ಒತ್ತುವಾಗ, ಕೇಬಲ್ ಎಳೆಯುವಾಗ ಸ್ಪೀಕರ್ ಮತ್ತು ಹೆಡ್‌ಫೋನಿನ ವಾಲ್ಯೂಮ್ ಇಳಿಸಿ. ‘ಢಬ್’ ಅನ್ನುವ ಸದ್ದು ಕಿವಿಗೂ ಒಳ್ಳೆಯದಲ್ಲ, ಸ್ಪೀಕರಿಗೂ ಒಳ್ಳೆಯದಲ್ಲ.

ಮನೇಲಿ ಕರೋಕೆ ಮೈಕಿನ ಕೇಬಲ್ ಇದೆ, ಅದನ್ನೇ ಹಾಕಬಹುದಾ?

ಒಂದು ತುದಿಯಲ್ಲಿ ಮೂರು ಪಿನ್ನು, ಇನ್ನೊಂದು ತುದಿಯಲ್ಲಿ ಗಿಟಾರಿಗೆ ಹಾಕುವಂಥ ಉದ್ದನೆಯ ಒಂದೇ ಪಿನ್ನು ಇದ್ದರೆ ಆಗುವುದಿಲ್ಲ. ಅದರಲ್ಲಿ ಫ್ಯಾಂಟಮ್ ಪವರ್ ಹೋಗುವುದಿಲ್ಲ, ಮೈಕ್ ಸುಮ್ಮನೆ ಇರುತ್ತದೆ. ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ ತನ್ನಿ.

## ಕೊಳ್ಳುವ ಮುಂಚೆ

ಬಜೆಟ್ ಕಮ್ಮಿ ಇದೆ ಅಣ್ಣ. ಕಂಡೆನ್ಸರ್ ತಗೊಳ್ಳಲಾ, ಡೈನಮಿಕ್ ತಗೊಳ್ಳಲಾ?

ನಾನು ತಿರುಗಿ ಕೇಳುವ ಪ್ರಶ್ನೆ: ನಿಮ್ಮ ಕೋಣೆ ಹೇಗಿದೆ? ರಸ್ತೆ ಪಕ್ಕದ ಮನೆ, ಖಾಲಿ ಗೋಡೆ, ನುಣುಪು ಟೈಲ್ಸಿನ ನೆಲ ಇದ್ದರೆ ಡೈನಮಿಕ್ ತಗೊಳ್ಳಿ. ಒಂದಿಷ್ಟು ನಿಶ್ಶಬ್ದ ಇದ್ದು, ನಾಲ್ಕು ಕಂಬಳಿ ಇಳಿಬಿಡುವ ಮನಸ್ಸಿದ್ದರೆ ಕಂಡೆನ್ಸರ್.

ಡೈನಮಿಕ್ ಕೀಳು ಅನ್ನುವ ಭಾವನೆ ಬೇಡ. ಮೈಕಲ್ ಜಾಕ್ಸನ್‌ನ 1982ರ ‘ಥ್ರಿಲ್ಲರ್’ ಆಲ್ಬಮ್ಮಿನ ಹಾಡುಗಾರಿಕೆಗೆ ಬಳಸಿದ್ದು ಶೂರ್ ಎಸ್‌ಎಂ7, ಅದು ಡೈನಮಿಕ್. ದುಡ್ಡಿಲ್ಲದೆ ಅದನ್ನು ಬಳಸಿದ್ದಲ್ಲ.

ಆದರೆ ಡೈನಮಿಕ್ ಮೈಕ್ ‘ಕೋಣೆಯ ಸದ್ದನ್ನು ತೆಗೆದುಹಾಕುತ್ತದೆ’ ಎಂದು ನಂಬಬೇಡಿ. ಬಾಯಿಗೆ ತೀರ ಹತ್ತಿರ ಇಟ್ಟುಕೊಂಡು ಹಾಡುತ್ತೇವೆ, ಅದಕ್ಕೆ ಕೋಣೆ ಕಮ್ಮಿ ಕೇಳುತ್ತದೆ, ಅಷ್ಟೆ. ಜೊತೆಗೆ ಅದರಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಅದೇ ಸದ್ದಿಗೆ ನ್ಯೂಮನ್ ಕಂಪನಿಯ ಕಂಡೆನ್ಸರ್ ಮೈಕ್ ಯು 87 ಎಐ 28 ಮಿಲಿವೋಲ್ಟ್ ಕೊಟ್ಟರೆ ಎಸ್‌ಎಂ7ಬಿ ಕೊಡುವುದು ಒಂದು ಮಿಲಿವೋಲ್ಟಿಗಿಂತ ಸ್ವಲ್ಪ ಜಾಸ್ತಿ. ಇಪ್ಪತ್ತೈದು ಪಟ್ಟು ವ್ಯತ್ಯಾಸ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಕ್ಕೆ ಇಂಟರ್‌ಫೇಸ್ ಅನ್ನುತ್ತಾರೆ, ಸಿಗ್ನಲ್ ಏರಿಸುವ ಅದರ ಗುಂಡಿಗೆ ಗೇನ್. ಮೆಲ್ಲಗೆ ಹಾಡುವವರ ಇಂಟರ್‌ಫೇಸ್ ಅಗ್ಗದ್ದಾದರೆ ಗೇನ್ ಪೂರ್ತಿ ತಿರುಗಿಸಿದರೂ ಸಾಲುವುದಿಲ್ಲ, ‘ಸ್ಸ್’ ಬೇರೆ ಬರುತ್ತದೆ. ಮೈಕಿನ ಬೆಲೆ ಮಾತ್ರ ನೋಡಿ ಲೆಕ್ಕ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಯುಎಸ್‌ಬಿ ಮೈಕ್ ಸಾಕಾಗಲ್ವಾ? ಇಂಟರ್‌ಫೇಸ್ ಬೇರೆ ಯಾಕೆ?

ಒಬ್ಬರೇ ಹಾಡುವುದಾದರೆ ಸಾಕು. ಮೈಕಿನಲ್ಲೇ ಹೆಡ್‌ಫೋನ್ ಹಾಕುವ ಜಾಗ ಇರುವುದನ್ನು ನೋಡಿ ಕೊಳ್ಳಿ. ಆಗ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಸುತ್ತಿ ಬರದೆ ನೇರವಾಗಿ ಕಿವಿಗೆ ಬರುತ್ತದೆ, ತಡ ಆಗುವುದಿಲ್ಲ. ನಾಳೆ ವೀಣೆಯನ್ನೋ ತಬಲವನ್ನೋ ಜೊತೆಗೆ ರೆಕಾರ್ಡ್ ಮಾಡುವ ಆಸೆ ಇದ್ದರೆ ಎರಡು ಇನ್‌ಪುಟ್ಟಿನ ಇಂಟರ್‌ಫೇಸಿಗೆ ಈಗಲೇ ದುಡ್ಡು ಹಾಕಿ. ಈಗಿನ ಹಲವು ಇಂಟರ್‌ಫೇಸುಗಳು ಮೊಬೈಲಿಗೂ ಕೂರುತ್ತವೆ.

ಸೆಲ್ಫ್ ನಾಯ್ಸ್ 4 ಡಿಬಿ, 12 ಡಿಬಿ, 20 ಡಿಬಿ ಅಂತ ಬರೆದಿರ್ತಾರೆ. ಯಾವ್ದು ಒಳ್ಳೇದು?

ಸಂಖ್ಯೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಅದು ಮೈಕ್ ತಾನೇ ಮಾಡುವ ಗದ್ದಲ. ಡಿಬಿ (ಡೆಸಿಬೆಲ್) ಸದ್ದಿನ ಅಳತೆ. ರೋಡ್ ಕಂಪನಿಯ ಈಗಿನ ಎನ್‌ಟಿ1ದು 4, ನ್ಯೂಮನ್ ಟಿಎಲ್‌ಎಂ 103ರದು 7, ಯು 87 ಎಐದು 12, ಎಟಿ2020ಯದು 20 ಡಿಬಿ.

ತಮಾಷೆ ನೋಡಿ. ಇವುಗಳಲ್ಲಿ ಅತಿ ದುಬಾರಿಯಾದ ಯು 87 ಎಐಗಿಂತ ಎಷ್ಟೋ ಅಗ್ಗದ ಎನ್‌ಟಿ1 ಈ ವಿಷಯದಲ್ಲಿ ಮುಂದಿದೆ. ಆದರೂ ಸ್ಟುಡಿಯೋದವರು ಯು 87 ಬಿಟ್ಟಿಲ್ಲ. ಯಾಕೆಂದರೆ ಬಾಯಿ ಮೈಕಿನ ಹತ್ತಿರ ಇರುವಾಗ 12 ಡಿಬಿ ಕೇಳುವುದೇ ಇಲ್ಲ. ಮನೆಯ ಕೋಣೆಯಲ್ಲಿ ರಾತ್ರಿ ಹೊತ್ತೂ 30 ಡಿಬಿಯಷ್ಟು ಸದ್ದು ಇದ್ದೇ ಇರುತ್ತದೆ. ಪಿಸುಮಾತಿನ ಹಾಗೆ ಹಾಡುವವರಿಗೆ, ದೂರದಿಂದ ತಂಬೂರಿಯನ್ನೋ ವೀಣೆಯನ್ನೋ ಹಿಡಿಯುವವರಿಗೆ ಮಾತ್ರ 20 ಡಿಬಿ ತೊಂದರೆ ಕೊಡಬಹುದು.

ಸಾಲ ಮಾಡಿಯಾದ್ರೂ ಯು 87 ತಗೊಂಡ್ರೆ ನನ್ನ ಹಾಡು ಸಿನಿಮಾ ಹಾಡಿನ ಹಾಗೆ ಕೇಳುತ್ತಾ?

ಕೇಳುವುದಿಲ್ಲ. ಸಾಲ ಮಾಡಬೇಡಿ.

ಆ ಮೈಕಿಗೆ ಹೆಸರು ಸುಮ್ನೆ ಬಂದದ್ದಲ್ಲ, ನಿಜ. 1949ರಲ್ಲಿ ನ್ಯೂಮನ್ ಕಂಪನಿ ಯು 47 ತಂದಿತು. ಫ್ರಾಂಕ್ ಸಿನಾಟ್ರಾ ಅದರ ಮುಂದೆ ಹಾಡಿದ. ಅದರೊಳಗಿದ್ದ ವಿಎಫ್14 ಅನ್ನುವ ವಾಲ್ವನ್ನು, ಅಂದರೆ ಸಿಗ್ನಲ್ ಏರಿಸುವ ಟ್ಯೂಬನ್ನು, ಟೆಲಿಫಂಕನ್ ಕಂಪನಿ ಮಾಡುವುದನ್ನು ನಿಲ್ಲಿಸಿತು. ಹಾಗಾಗಿ ಬೇರೆ ವಾಲ್ವ್ ಹಾಕಿ 1960ರಲ್ಲಿ ಯು 67 ಮಾಡಿದರು. 1967ರಲ್ಲಿ ವಾಲ್ವೇ ಬೇಡವೆಂದು ಟ್ರಾನ್ಸಿಸ್ಟರ್ ಹಾಕಿ ಮಾಡಿದ್ದು ಯು 87. ಆಸ್ಟ್ರಿಯಾದ ಎಕೆಜಿ ಕಂಪನಿಯ ಸಿ 12 ಬಂದದ್ದು 1953ರಲ್ಲಿ. ಇವತ್ತು ಮಾರುಕಟ್ಟೆಯಲ್ಲಿರುವ ನೂರಾರು ಲಾರ್ಜ್ ಡಯಾಫ್ರಾಮ್ ಮೈಕುಗಳ ಹಿಂದೆ ಈ ನಾಲ್ಕೈದು ಮೈಕುಗಳ ನೆರಳಿದೆ.

ಆದರೆ ಸಿನಿಮಾ ಹಾಡಿನ ದನಿಯಲ್ಲಿ ಮೈಕಿನ ಪಾಲು ಸಣ್ಣದು. ಎಕೋ ಹೊಡೆಯದ ಹಾಗೆ ಸಿದ್ಧ ಮಾಡಿದ ಕೋಣೆ, ಪ್ರತಿ ಸಾಲನ್ನೂ ತೂಗಿ ಹಾಡಿಸುವ ಸಂಗೀತ ನಿರ್ದೇಶಕ, ಅನುಭವಿ ಗಂಟಲು, ಆಮೇಲಿನ ಮಿಕ್ಸಿಂಗು ಎಲ್ಲ ಸೇರಿ ಅದು ಹಾಗಾಗುತ್ತದೆ. ಲಕ್ಷಗಟ್ಟಲೆಯ ಮೈಕನ್ನು ಎಕೋ ಹೊಡೆಯುವ ಬೆಡ್‌ರೂಮಿನಲ್ಲಿಟ್ಟರೆ ಆ ಎಕೋವನ್ನೇ ಬಹಳ ಚೆನ್ನಾಗಿ ಹಿಡಿದುಕೊಡುತ್ತದೆ.

ನನ್ನ ಗಂಟಲಿಗೆ ಯಾವ ಮೈಕ್ ಹೊಂದುತ್ತೆ ಅಂತ ಹೇಗೆ ಗೊತ್ತಾಗೋದು?

ಹಾಡಿ ನೋಡಿದರೆ ಮಾತ್ರ. ತೆಳು, ಚೂಪು ದನಿಗೆ ಮೇಲಿನ ಸದ್ದನ್ನು ಎತ್ತಿಕೊಡುವ ಮೈಕ್ ಕೂಡದು. ಮಂದ್ರದ ಭಾರಿ ಗಂಟಲಿಗೆ ಅದೇ ಮೈಕ್ ಜೀವ ತರಬಹುದು. ಕಂಪನಿ ಕೊಡುವ ಗ್ರಾಫಿನಲ್ಲಿ 5,000ದಿಂದ 12,000 ಹರ್ಟ್ಜ್ ನಡುವೆ ಎಷ್ಟು ಉಬ್ಬಿದೆ ನೋಡಿ, ಒಂದು ಅಂದಾಜು ಸಿಗುತ್ತದೆ.

ಊರಿನಲ್ಲಿ ಗಂಟೆ ಲೆಕ್ಕದ ಸ್ಟುಡಿಯೋ ಇದ್ದರೆ ಒಂದು ಗಂಟೆ ತಗೊಂಡು, ಅಲ್ಲಿರುವ ಎರಡು ಮೂರು ಮೈಕಿನಲ್ಲಿ ಒಂದೇ ಚರಣ ಹಾಡಿ. ಸ, ಶ, ಚ ಜಾಸ್ತಿ ಇರುವ ಸಾಲು ಆರಿಸಿಕೊಳ್ಳಿ. ಫೈಲ್ ಮನೆಗೆ ತಂದು, ಎಲ್ಲದರ ವಾಲ್ಯೂಮ್ ಸಮ ಮಾಡಿ, ಹೆಸರು ನೋಡದೆ ಕೇಳಿ. ವಾಲ್ಯೂಮ್ ಸಮ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ತಗೋಬಹುದು. ಪ್ಲಗ್ ಮಾಡಿ, ಗೇನ್ ಏರಿಸಿ, ಹೆಡ್‌ಫೋನಿನಲ್ಲಿ ಐದು ನಿಮಿಷ ಸುಮ್ಮನೆ ಕೇಳಿ. ಚಟಪಟ, ಗುರುಗುರು ಇದ್ದರೆ ಬಿಟ್ಟುಬಿಡಿ. ಹೆಸರುವಾಸಿ ಮೈಕುಗಳ ನಕಲಿಗಳು ತುಂಬಾ ಇವೆ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ನಂಬಬೇಡಿ.

## ಕೋಣೆ, ದೂರ, ಹಾಡುವ ರೀತಿ

ರೆಕಾರ್ಡಿಂಗ್ ಕೇಳಿದ್ರೆ ಡಬ್ಬದೊಳಗೆ ಕೂತು ಹಾಡಿದ ಹಾಗಿದೆ. ಮೊಟ್ಟೆ ಟ್ರೇ ಅಂಟಿಸಿದ್ರೂ ಹೋಗಿಲ್ಲ.

ಹೋಗುವುದಿಲ್ಲ. ಮೊಟ್ಟೆ ಟ್ರೇ ತೆಳು ರಟ್ಟು, ಅದಕ್ಕೆ ಸದ್ದು ಹೀರುವ ಶಕ್ತಿ ಇಲ್ಲ. ಧೂಳು, ಜಿರಳೆ ಸೇರಿಕೊಳ್ಳುತ್ತವೆ, ಬೆಂಕಿಗೂ ಬೇಗ ತುತ್ತಾಗುತ್ತದೆ. ಅಂಗಡಿಯ ತೆಳು ಫೋಮ್ ಕೂಡ ಅರ್ಧ ಕೆಲಸ ಮಾತ್ರ ಮಾಡುತ್ತದೆ. 100 ಹರ್ಟ್ಜ್ ಸದ್ದಿನ ಅಲೆ ಮೂರು ಮೀಟರಿಗಿಂತ ಉದ್ದ. ಎರಡು ಇಂಚಿನ ಸ್ಪಂಜು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೇಲಿನ ಸದ್ದನ್ನಷ್ಟೇ ಹೀರಿ, ಕೆಳಗಿನದನ್ನು ಹಾಗೇ ಬಿಡುವುದರಿಂದ ಕೋಣೆ ಇನ್ನಷ್ಟು ‘ಬೊಂ’ ಅನ್ನುತ್ತದೆ.

ದಪ್ಪ ಬೇಕು. ಹತ್ತಿಯ ಹಾಸಿಗೆ, ರಜಾಯಿ, ಉಣ್ಣೆ ಕಂಬಳಿ, ಬಟ್ಟೆ ತುಂಬಿದ ಕಪಾಟು. ಇವೆಲ್ಲ ಮನೆಯಲ್ಲೇ ಇರುತ್ತವೆ. ಎಲ್ಲಿ ಇಡಬೇಕು ಅನ್ನುವುದೇ ಮುಖ್ಯ. ಬಹಳ ಜನ ಮೈಕಿನ ಹಿಂದೆ ಇಡುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮಾಮೂಲಿ ಮೈಕ್, ತನ್ನ ಹಿಂಬದಿಯನ್ನು ಹೇಗೂ ಕೇಳಿಸಿಕೊಳ್ಳುವುದಿಲ್ಲ. ಅದರ ಮುಖ ಇರುವುದು ನಿಮ್ಮ ಕಡೆಗೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ಆ ಗೋಡೆಯಿಂದ ವಾಪಸು ಬರುವ ಸದ್ದು ನೇರ ಮೈಕಿಗೆ ಹೋಗುತ್ತದೆ. ಹಾಗಾಗಿ ಮೊದಲ ರಜಾಯಿ ನಿಮ್ಮ ಬೆನ್ನಿನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಎರಡನೆಯದು, ಮೂರನೆಯದು ಎರಡು ಪಕ್ಕಕ್ಕೆ. ಆಮೇಲೆ ನೆಲಕ್ಕೆ ಜಮಖಾನ. ಮೈಕಿನ ಹಿಂದೆ ಕಟ್ಟುವ ಅರ್ಧ ಚಂದ್ರಾಕಾರದ ಫಿಲ್ಟರುಗಳಿಗೆ ದುಡ್ಡು ಹಾಕುವುದು ಇದೆಲ್ಲ ಮುಗಿದ ಮೇಲೆ, ಅದೂ ಬೇಕೆನಿಸಿದರೆ.

ಕೋಣೆಯ ನಟ್ಟನಡುವೆ ನಿಲ್ಲಬೇಡಿ, ಮೂಲೆಯಲ್ಲೂ ನಿಲ್ಲಬೇಡಿ. ಎರಡೂ ಕಡೆ ಕೆಳಗಿನ ಸದ್ದು ಕೆಟ್ಟದಾಗಿ ಕೂಡಿಕೊಳ್ಳುತ್ತದೆ. ಕೋಣೆಯ ಉದ್ದದಲ್ಲಿ ಮೂರನೇ ಒಂದು ಭಾಗದ ಹತ್ತಿರ ನಿಂತು ನೋಡಿ, ಒಂದೆರಡು ಅಡಿ ಅತ್ತಿತ್ತ ಸರಿಯಿರಿ. ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ.

ಫ್ಯಾನು, ಫ್ರಿಜ್ಜು ಟೇಕಿನ ಹೊತ್ತಿಗೆ ಬಂದ್. ಪಕ್ಕದ ಮನೆಯ ಕುಕ್ಕರ್ ವಿಷಲ್ಲಿಗೆ ಮಾತ್ರ ಮದ್ದಿಲ್ಲ, ಅದು ಮೂರು ಕೂಗುವ ತನಕ ಕಾಯಬೇಕು.

ಮೈಕಿನಿಂದ ಎಷ್ಟು ದೂರ ನಿಲ್ಲಬೇಕು?

ಒಂದು ಗೇಣಿನಿಂದ ಶುರು ಮಾಡಿ. ಹೆಬ್ಬೆರಳನ್ನು ಮೈಕಿಗೆ, ಕಿರುಬೆರಳನ್ನು ತುಟಿಗೆ ಮುಟ್ಟಿಸಿದರೆ ಅಳತೆ ಸಿಕ್ಕಿತು.

ಹತ್ತಿರ ಹೋದಂತೆ ಎರಡು ಸಂಗತಿ ಆಗುತ್ತವೆ. ಒಂದು, ದೂರ ಅರ್ಧ ಮಾಡಿದರೆ ನಿಮ್ಮ ದನಿ ಸುಮಾರು 6 ಡಿಬಿ ಜಾಸ್ತಿ ಆಗುತ್ತದೆ. ಕೋಣೆಯ ಸದ್ದು ಅಷ್ಟೇ ಇರುತ್ತದೆ. ಅಂದರೆ ಕೋಣೆ ಹಿಂದೆ ಸರಿಯುತ್ತದೆ. ಎರಡು, ಕಾರ್ಡಿಯಾಯ್ಡ್ ಮೈಕುಗಳಲ್ಲಿ ಕೆಳಗಿನ ಸದ್ದು ಉಬ್ಬುತ್ತದೆ. ಇದೇ ಪ್ರಾಕ್ಸಿಮಿಟಿ ಎಫೆಕ್ಟ್. ಲಾಲಿ ಹಾಡು, ಮೆಲುದನಿಯ ಭಾವಗೀತೆಗಳಿಗೆ ಇದು ಕಿವಿಯಲ್ಲಿ ಹೇಳಿದಷ್ಟು ಹತ್ತಿರದ ಅನುಭವ ಕೊಡುತ್ತದೆ. ಜೋರು ಹಾಡಿಗೆ ಮಬ್ಬು ಕವಿಯುತ್ತದೆ.

ಶಾಸ್ತ್ರೀಯ ಹಾಡುವವರಿಗೆ ಇಲ್ಲೊಂದು ತೊಡಕಿದೆ. ಆಲಾಪನೆಯಲ್ಲಿ ತಲೆ ಆಡುತ್ತದೆ, ಕೈಯೂ ಆಡುತ್ತದೆ. ನಾಲ್ಕು ಬೆರಳಿನ ದೂರದಲ್ಲಿ ಹಾಡುವಾಗ ತಲೆ ಸ್ವಲ್ಪ ಆಚೀಚೆ ಆದರೂ ದನಿಯ ಬಣ್ಣವೇ ಬದಲಾಗುತ್ತದೆ. ಒಂದೂವರೆ ಗೇಣು, ಎರಡು ಗೇಣು ದೂರ ನಿಂತರೆ ಆ ಏರುಪೇರು ಕಮ್ಮಿ. ಆದರೆ ಅಷ್ಟು ದೂರ ನಿಲ್ಲಲು ಕೋಣೆ ಚೆನ್ನಾಗಿರಬೇಕು. ಮತ್ತೆ ರಜಾಯಿಗೇ ಬಂದೆವು.

‘ಪ’, ‘ಭ’ ಬಂದಾಗಲೆಲ್ಲ ಢಬ್ ಢಬ್ ಅನ್ನುತ್ತೆ.

ತುಟಿ ಮುಚ್ಚಿ ಒಮ್ಮೆಲೇ ಬಿಟ್ಟಾಗ ನುಗ್ಗುವ ಗಾಳಿ ಅದು. ನಮ್ಮ ಭಾಷೆಯಲ್ಲಿ ಮಹಾಪ್ರಾಣಗಳಿವೆ, ‘ಭಕ್ತಿ’, ‘ಫಲ’ ಅಂತ ಒತ್ತಿ ಹಾಡಿದರೆ ಗಾಳಿ ಇನ್ನೂ ಜಾಸ್ತಿ. ಬಾಯಿಗೂ ಮೈಕಿಗೂ ನಡುವೆ ಪಾಪ್ ಫಿಲ್ಟರ್ ಅನ್ನುವ ತೆಳು ಪರದೆ ಹಾಕಿ. ಮೈಕಿಗೆ ಅಂಟಿಸಬೇಡಿ, ನಾಲ್ಕು ಬೆರಳು ಬಿಟ್ಟು ಇಡಿ. ಗಾಳಿಗೆ ಚದುರಲು ಜಾಗ ಬೇಕು. ಮೈಕನ್ನು ಬಾಯಿಗಿಂತ ಸ್ವಲ್ಪ ಎತ್ತರಕ್ಕಿಟ್ಟು, ಮೂಗಿನ ಕಡೆಗೆ ಮುಖ ಮಾಡಿಸಿದರೆ ಗಾಳಿ ಕೆಳಗಿಂದ ಹಾದು ಹೋಗುತ್ತದೆ.

‘ಸ’, ‘ಶ’ ಕಿವಿ ಚುಚ್ಚುತ್ತೆ. ಸಾಫ್ಟ್‌ವೇರಲ್ಲಿ ಸರಿ ಮಾಡಬಹುದಾ?

ಮಾಡಬಹುದು. ಅದಕ್ಕೆ ಡಿ-ಎಸ್ಸರ್ ಇದೆ. ಆದರೆ ಜಾಸ್ತಿ ಹಾಕಿದರೆ ಹಾಡುವವರು ತೊದಲಿದಂತೆ ಕೇಳುತ್ತದೆ. ಹಾಡುವಾಗಲೇ ತಡೆಯಿರಿ. ‘ಸ’ಕಾರದ ಸದ್ದು ಹೆಚ್ಚಾಗಿ 5,000ದಿಂದ 8,000 ಹರ್ಟ್ಜ್‌ನಲ್ಲಿ, ಬಾಯಿಂದ ನೇರ ಮುಂದಕ್ಕೆ ಹೋಗುತ್ತದೆ. ಮೈಕನ್ನು ಹತ್ತು ಹದಿನೈದು ಡಿಗ್ರಿ ಓರೆ ಮಾಡಿ. ಜಾಲರಿಯ ಮುಂದೆ, ಪೊರೆಯ ನಡುಭಾಗಕ್ಕೆ ಸರಿಯಾಗಿ ಒಂದು ಪೆನ್ಸಿಲನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುವುದು ಹಳೆಯ ರೆಕಾರ್ಡಿಸ್ಟುಗಳ ಉಪಾಯ.

ತಾರಸ್ಥಾಯಿಗೆ ಹೋದ್ರೆ ದನಿ ಒಡೆಯುತ್ತೆ, ಕೆಳಗೆ ಬಂದ್ರೆ ಕೇಳೋದೇ ಇಲ್ಲ.

ಗೇನ್ ಇಡುವಾಗ ಮೆಲ್ಲಗೆ ಹಾಡಿ ನೋಡಿರುತ್ತೀರಿ. ಹಾಡಿನ ಅತಿ ಜೋರಿನ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಿ, ಮೀಟರ್ ಮೈನಸ್ 10 ಡಿಬಿಯ ಹತ್ತಿರ ನಿಲ್ಲುವ ಹಾಗೆ ಗೇನ್ ಇಡಿ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ. ಅದರಲ್ಲಿ ಲೆಕ್ಕದ ಪ್ರಕಾರ 144 ಡಿಬಿ ಜಾಗ ಇದೆ, ಕೆಳಗಿನ ಸಾಲುಗಳನ್ನು ಆಮೇಲೆ ಏರಿಸಿಕೊಂಡರೂ ಕೆಡುವುದಿಲ್ಲ. ಟೇಪಿನ ಕಾಲದ ‘ಮೀಟರ್ ಕೆಂಪು ಮುಟ್ಟಬೇಕು’ ಅನ್ನುವ ಮಾತು ಈಗ ನಡೆಯುವುದಿಲ್ಲ.

ಶ್ರುತಿ ಹಾಕ್ಕೊಂಡು ಹಾಡ್ತೀನಿ. ಹೆಡ್‌ಫೋನಿಂದ ತಂಬೂರಿ ಸೋರಿ ಮೈಕಿಗೆ ಬರ್ತಿದೆ.

ಹಿನ್ನೆಲೆ ಸಂಗೀತದ ಟ್ರ್ಯಾಕ್ ಸೋರಿದರೆ ಹೇಗೋ ಮುಚ್ಚಿಹೋಗುತ್ತದೆ. ತಂಬೂರಿ ಸೋರಿದರೆ ಹಾಗಲ್ಲ. ಸಾಲು ಸಾಲಿನ ನಡುವೆ ನೀವು ಉಸಿರು ತಗೊಳ್ಳುವಾಗಲೂ ಅದು ಕೇಳುತ್ತಿರುತ್ತದೆ. ಆಮೇಲೆ ಶ್ರುತಿ ಬದಲಿಸಲು ಆಗುವುದಿಲ್ಲ, ಒಂದು ಸಾಲು ಕತ್ತರಿಸಿ ಅಂಟಿಸಿದರೆ ಜೋಡಣೆ ತಿಳಿದುಬಿಡುತ್ತದೆ.

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ಒಂದು ಕಿವಿ ತೆರೆದು ಹಾಡುವ ಅಭ್ಯಾಸ ಇದ್ದರೆ ಆ ಬದಿಯ ಸದ್ದನ್ನು ಬಂದ್ ಮಾಡಿ, ತೆರೆದ ಬಟ್ಟಲನ್ನು ತಲೆಗೆ ಒತ್ತಿಕೊಂಡಿರಿ. ಶ್ರುತಿಯಲ್ಲಿನ ಮೇಲಿನ ‘ಝೇಂ’ ಕಡಿಮೆ ಮಾಡಿ ಕೇಳಿದರೆ ಸೋರುವುದು ಇನ್ನೂ ಕಮ್ಮಿ.

## ಇನ್ನೂ ಆಳಕ್ಕೆ ಇಳಿದವರಿಗೆ

ಲೋ ಕಟ್ ಸ್ವಿಚ್ ಆನ್ ಇಡಬೇಕಾ? ಮಂದ್ರಸ್ಥಾಯಿ ಹೋಗಿಬಿಡಲ್ವಾ?

ಲೋ ಕಟ್ ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಸ್ವಿಚ್. ಲೆಕ್ಕ ಹಾಕೋಣ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್. ಮಂದ್ರ ಪಂಚಮ 98. ಐದು ಮನೆಯಲ್ಲಿ ಹಾಡುವ ಹೆಂಗಸಿನ ಷಡ್ಜ 196, ಮಂದ್ರ ಪಂಚಮ 147. ಸ್ವಿಚ್ 80 ಹರ್ಟ್ಜ್‌ನದಾದರೆ ಇಬ್ಬರಿಗೂ ಭಯವಿಲ್ಲ. ಗಂಡಸು ಮಂದ್ರ ಷಡ್ಜಕ್ಕೇ ಇಳಿದರೆ 65 ಹರ್ಟ್ಜ್ ಆಗುತ್ತದೆ, ಆಗಲೂ ನಮ್ಮ ಕಿವಿ ಆ ಸ್ವರವನ್ನು ಗುರುತಿಸುವುದು ಅದರ ಜೊತೆಗೇ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳಿಂದ. ಬಸ್ಸು, ಲಾರಿ ಹೋದಾಗಿನ ಗುಡುಗು, ಸ್ಟ್ಯಾಂಡಿಗೆ ಕಾಲು ತಗುಲಿದ ಸದ್ದು ಎಲ್ಲ ಹೆಚ್ಚಾಗಿ 80 ಹರ್ಟ್ಜ್‌ಗಿಂತ ಕೆಳಗೆ ಇರುತ್ತವೆ. ಎಕೆಜಿ ಸಿ414 ತರಹದ ಮೈಕಿನಲ್ಲಿ 40, 80, 160 ಅಂತ ಮೂರು ಆಯ್ಕೆ ಇರುತ್ತದೆ. 160 ಮಾತ್ರ ಗಂಡಸರು ಮುಟ್ಟಬೇಡಿ.

ದುಬಾರಿ ಮೈಕಿನ ಕ್ಯಾಪ್ಸೂಲೇ ಇದೆ ಅಂತ ಹೇಳಿ ಅಗ್ಗಕ್ಕೆ ಮಾರ್ತಾರೆ. ಹಾಗಿದ್ರೂ ಯಾಕೆ ಅಷ್ಟು ಚೂಪು?

ನ್ಯೂಮನ್ ಯು 67ಕ್ಕೆಂದು ಮಾಡಿದ ಕೆ 67 ಕ್ಯಾಪ್ಸೂಲಿನ ನಕಲುಗಳು ಬಹಳ ಅಗ್ಗದ ಮೈಕುಗಳಲ್ಲಿವೆ. ಆ ಕ್ಯಾಪ್ಸೂಲ್ ಹುಟ್ಟಿನಿಂದಲೇ ಮೇಲಿನ ಸದ್ದನ್ನು ಎತ್ತಿಕೊಡುತ್ತದೆ. ನ್ಯೂಮನ್‌ನವರಿಗೆ ಅದು ಗೊತ್ತಿತ್ತು. ಅದಕ್ಕೇ ಮೈಕಿನ ಸರ್ಕೀಟಿನಲ್ಲಿ ಆ ಮೇಲಿನ ಸದ್ದನ್ನು ಅಷ್ಟೇ ಇಳಿಸುವ ಏರ್ಪಾಡು ಇಟ್ಟರು. ಎರಡೂ ಸೇರಿದಾಗ ಸಮ. ಅಗ್ಗದ ಮೈಕುಗಳಲ್ಲಿ ಕ್ಯಾಪ್ಸೂಲನ್ನು ಮಾತ್ರ ನಕಲು ಮಾಡಿ, ಸರ್ಕೀಟನ್ನು ಬೇರೆಯದು ಹಾಕುತ್ತಾರೆ. ಇಳಿಸುವವರೇ ಇಲ್ಲ, ಹಾಗಾಗಿ ‘ಸ’ಕಾರ ಚಾಕುವಾಗುತ್ತದೆ. ಇಂಥ ಮೈಕ್ ಕೈಯಲ್ಲಿದ್ದರೆ ಎಸೆಯಬೇಡಿ. 8,000 ಹರ್ಟ್ಜ್‌ನಿಂದ ಮೇಲೆ ನಿಧಾನಕ್ಕೆ ಇಳಿಯುವ ಇಕ್ಯೂ (ಮೇಲಿನ, ಕೆಳಗಿನ ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಹಾಕಿ ಕೇಳಿ, ಅರ್ಧ ಸಿಟ್ಟು ಹೋಗುತ್ತದೆ.

ಟ್ಯೂಬ್ ಮೈಕ್ ಹಾಕಿದ್ರೆ ದನಿಗೆ ಬೆಚ್ಚನೆ ಗುಣ ಬರುತ್ತಂತೆ?

ಸ್ವಲ್ಪ ಬರಬಹುದು. ಟ್ಯೂಬ್ ಒಂದರಿಂದಲೇ ಅಲ್ಲ. ಕ್ಯಾಪ್ಸೂಲ್, ಟ್ರಾನ್ಸ್‌ಫಾರ್ಮರ್ ಎಲ್ಲದರ ಪಾಲೂ ಇದೆ. ಟ್ಯೂಬ್ ಮೈಕಿಗೆ 48 ವೋಲ್ಟ್ ಸಾಲದು, ಅದರದ್ದೇ ಪವರ್ ಸಪ್ಲೈ ಡಬ್ಬ, ಅದರದ್ದೇ ಕೇಬಲ್ ಬೇಕು. ಆನ್ ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಸಿಯಾಗಲು ಬಿಡಬೇಕು. ಅಗ್ಗದ ಟ್ಯೂಬ್ ಮೈಕಿಗಿಂತ ಅದೇ ಬೆಲೆಯ ಮಾಮೂಲಿ ಮೈಕ್ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಯುಗಳ ಗೀತೆಗೆ ಎರಡು ಮೈಕ್ ಬೇಕೇ ಬೇಕಾ?

ಪ್ಯಾಟರ್ನ್, ಅಂದರೆ ಯಾವ ಯಾವ ದಿಕ್ಕಿನ ಸದ್ದು ಹಿಡಿಯಬೇಕು ಅನ್ನುವುದನ್ನು, ಬದಲಿಸುವ ಮೈಕ್ ಇದ್ದರೆ ಒಂದೇ ಸಾಕು. ಎಂಟರ ಗುರುತಿನ ಫಿಗರ್ 8ಗೆ ಹಾಕಿ, ಇಬ್ಬರೂ ಎದುರುಬದುರು ನಿಲ್ಲಿ. ಮುಂದೂ ಕೇಳುತ್ತದೆ, ಹಿಂದೂ ಕೇಳುತ್ತದೆ. ಯಾರ ದನಿ ಜೋರೋ ಅವರು ಅರ್ಧ ಹೆಜ್ಜೆ ಹಿಂದೆ ಸರಿಯಬೇಕು. ಒಬ್ಬರು ತಪ್ಪಿದರೆ ಇಬ್ಬರೂ ಮತ್ತೆ ಹಾಡಬೇಕು, ಅದೊಂದು ಕಷ್ಟ.

ಭಾಗವತಿಕೆ ರೆಕಾರ್ಡ್ ಮಾಡಬೇಕು. ಜಾಗಟೆ ಹಾಡಿಗಿಂತ ಜೋರಾಗಿ ಬರ್ತಿದೆ.

ಯಕ್ಷಗಾನದವರು ಕೇಳುವ ಈ ಪ್ರಶ್ನೆ ನನಗೆ ಬಹಳ ಇಷ್ಟ. ಯಾಕೆಂದರೆ ಇಂಗ್ಲಿಷ್ ವಿಡಿಯೋಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಚೆಂಡೆಯವರನ್ನು ಬೇರೆ ಕೋಣೆಗೆ ಕಳಿಸಬಹುದು. ಜಾಗಟೆ ಹಾಡುವವರ ಕೈಯಲ್ಲೇ ಇರುತ್ತದೆ. ಅದಿಲ್ಲದೆ ಹಾಡಿ ಅಂದರೆ ತಾಳದ ಹಿಡಿತವೇ ಹೋಗುತ್ತದೆ.

ಇಲ್ಲೂ ಫಿಗರ್ 8 ಕೆಲಸಕ್ಕೆ ಬರುತ್ತದೆ. ಈ ಪ್ಯಾಟರ್ನಿನಲ್ಲಿ ಮೈಕ್ ಎಡಬಲಕ್ಕೆ ಮಾತ್ರ ಕಿವುಡಲ್ಲ, ನೇರ ಮೇಲಕ್ಕೂ ನೇರ ಕೆಳಕ್ಕೂ ಕಿವುಡು. ಭಾಗವತರ ಬಾಯಿಯ ಎತ್ತರಕ್ಕೆ, ಒಂದು ಗೇಣು ಮುಂದೆ ಮೈಕನ್ನು ನೆಟ್ಟಗೆ ಇಡಿ. ಜಾಗಟೆಯನ್ನು ಮೈಕಿನ ನೇರ ಕೆಳಗೆ, ಆದಷ್ಟು ತೊಡೆಯ ಹತ್ತಿರ ಹಿಡಿಯಲು ಹೇಳಿ. ಲೋಹದ ಆ ಕೀರಲು ಸದ್ದು ಗಮನಕ್ಕೆ ಬರುವಷ್ಟು ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ, ಹೋಗಲೂ ಬಾರದು. ಮೈಕಿನ ಹಿಂಬದಿಯೂ ಕೇಳುತ್ತದೆ ಅನ್ನುವುದು ನೆನಪಿರಲಿ, ಈ ಸಲ ಅಲ್ಲೂ ರಜಾಯಿ ಬೇಕು. ಮದ್ದಳೆಗೆ ಇನ್ನೊಂದು ಮೈಕ್ ಇಟ್ಟರೆ, ಬಾಯಿಗೂ ಮೊದಲ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಇರಲಿ. ಹತ್ತಿರ ಇದ್ದರೆ ಎರಡರಲ್ಲೂ ಬಂದ ಒಂದೇ ದನಿ ಒಂದನ್ನೊಂದು ತಿಂದುಹಾಕಿ ಟೊಳ್ಳಾಗುತ್ತದೆ.

ಹಿನ್ನೆಲೇಲಿ ‘ಗುಂಯ್’ ಅಂತ ಒಂದೇ ಸಮನೆ ಬರುತ್ತೆ.

ನಮ್ಮ ಕರೆಂಟಿನ 50 ಹರ್ಟ್ಜ್ ಅದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತುಹೋದರೆ ಅರ್ಥಿಂಗ್ ಸಮಸ್ಯೆ. ಎಲೆಕ್ಟ್ರಿಷಿಯನ್ ಕರೆಸಿ, ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾಗಲೂ ಅರ್ಥ್ ಬಂದಿದೆಯಾ ಅಂತ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೋರಿಕೆಗೆ ಇರುತ್ತದೆ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ, ಅದು ಪ್ರಾಣಕ್ಕೆ ಅಪಾಯ.

ನಮ್ದು ಉಡುಪಿ. ಮಳೆಗಾಲದಲ್ಲಿ ಮೈಕ್ ಚಟಪಟ ಅನ್ನೋಕೆ ಶುರು ಮಾಡುತ್ತೆ. ರಿಪೇರಿಗೆ ಕೊಡ್ಬೇಕಾ?

ಮೊದಲು ಒಣಗಿಸಿ ನೋಡಿ. ಪೊರೆಗೂ ಬಿಲ್ಲೆಗೂ ನಡುವಿನ ಜಾಗದಲ್ಲಿ ತೇವ ಕೂತರೆ ಅಲ್ಲಿ ಹಿಡಿದಿಟ್ಟ ಚಾರ್ಜ್ ಸೋರುತ್ತದೆ, ಅದೇ ಚಟಪಟ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಇಡಿ. ಹೆಚ್ಚಿನ ಸಲ ಸರಿಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಲಿಗೂ ಇಡಬೇಡಿ. ಕರಾವಳಿಯವರು, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಡಿ ಮುಗಿದ ಕೂಡಲೇ ಮೈಕನ್ನು ಆ ಡಬ್ಬಕ್ಕೆ ಸೇರಿಸುವುದು ರೂಢಿ ಮಾಡಿಕೊಳ್ಳಿ. ಕ್ಯಾಮೆರಾದವರು ಬಳಸುವ ಡ್ರೈ ಬಾಕ್ಸ್ ಇದ್ದರೆ ಇನ್ನೂ ಒಳ್ಳೆಯದು.

ಒಣಗಿಸಿದ ಮೇಲೂ ಸದ್ದು ಬಂದರೆ ಪೊರೆಯ ಮೇಲೆ ಧೂಳು, ಉಗುಳು ಕೂತಿದೆ. ಅದನ್ನು ಮನೆಯಲ್ಲಿ ಒರೆಸಲು ಹೋಗಬೇಡಿ, ಹತ್ತಿ ತಗುಲಿದರೂ ಚಿನ್ನದ ಲೇಪ ಎದ್ದುಬರುತ್ತದೆ. ತಿಳಿದವರ ಕೈಗೆ ಕೊಡಿ. ಮೈಕ್ ಆನ್ ಇದೆಯಾ ಅಂತ ‘ಉಫ್’ ಎಂದು ಊದಿ ನೋಡುವ ಅಭ್ಯಾಸವನ್ನೂ ಬಿಡಿ. ಚಾರ್ಜ್ ಇರುವ ಪೊರೆ ಹೊಗೆಯನ್ನೂ ಪುಡಿಯನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಊದುಬತ್ತಿಯನ್ನು ದೂರ ಇಡಿ. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಸ್ಟ್ಯಾಂಡಿನ ಕಾಲಿಗೆ ಹಚ್ಚಿ, ಜಾಲರಿಗೆ ಬೇಡ.